ಸುಮ್ಮನೆ ಬಂದವರಿಗೊಂದು ಕೋಣೆ

"ಯಾರ ಮನಿಗೆ ಬಂದೀ ತಂಗಿ?"

ಗದಗಿನ ಖಾನಾವಳಿಯೊಂದರಲ್ಲಿ ಎರಡನೇ ರೊಟ್ಟಿ ಹಾಕುತ್ತ ಅಜ್ಜಿ ಕೇಳಿದರು. ಯಾರ ಮನೆಗೂ ಅಲ್ಲ ಎಂದೆ. "ಮತ್ತ, ಕೋರ್ಟಿನ ಕೆಲಸೇನು?" ಅದೂ ಅಲ್ಲ. "ದವಾಖಾನಿಗೆ?" ಅಲ್ಲ. "ದೇವರಿಗೆ ಬೇಡ್ಕೊಂಡಿದ್ದೇನು?" ದೇವಸ್ಥಾನಕ್ಕೆ ಹೋಗುವುದೇನೋ ಇತ್ತು, ಹರಕೆ ಇರಲಿಲ್ಲ. "ಸುಮ್ನೆ ಊರು ನೋಡಾಕೆ ಬಂದೀನಿ ಅಜ್ಜಿ" ಎಂದೆ. ಆಕೆ ರೊಟ್ಟಿಯ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಒಂದು ಗಳಿಗೆ ನನ್ನನ್ನೇ ನೋಡಿದರು. ಆ ನೋಟದಲ್ಲಿ ಸಂಶಯಕ್ಕಿಂತ ಕನಿಕರವೇ ಹೆಚ್ಚಿತ್ತು. "ಈ ಊರಾಗ ಏನೈತಿ ನೋಡಾಕ?" ಎಂದು ಎಣಗಾಯಿ ಬಡಿಸಿ ಮುಂದಿನ ಮೇಜಿಗೆ ಹೋದರು.

ನೆಂಟರು, ಕೋರ್ಟು, ಆಸ್ಪತ್ರೆ, ದೇವರು. ನಮ್ಮಲ್ಲಿ ಒಂದೂರಿನವರು ಇನ್ನೊಂದೂರಿಗೆ ಹೋಗಲು ಬೇಕಾದ ನಾಲ್ಕು ರಹದಾರಿಗಳನ್ನು ಅಜ್ಜಿ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದರು. ಇದಿಷ್ಟನ್ನು ಬಿಟ್ಟು ಹೊರಟರೆ ಅದು ತಿರುಗಾಟ. ದೇಶ ಸುತ್ತು, ಕೋಶ ಓದು ಎಂಬ ಗಾದೆಯನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವ ನಾವೇ, ಕೆಲಸಕ್ಕೆ ಬಾರದವನನ್ನು ಊರು ಸುತ್ತುವವನು ಎಂದು ಬೈಯುತ್ತೇವೆ. ಬಹಳ ಜನಕ್ಕೆ ದೇವರ ಹೆಸರಿಲ್ಲದೆ ಮಾಡಿದ ಪ್ರವಾಸವೆಂದರೆ ಶಾಲೆಯ ಪ್ರವಾಸ ಒಂದೇ. ಡಿಸೆಂಬರಿನ ಚಳಿಯಲ್ಲಿ ಬಸ್ಸಿನೊಳಗೆ ಹಾಡುತ್ತ ಹೋಗಿ, ಯಾವುದೋ ಊರಿನ ಶಾಲೆಯ ಹಾಲಿನಲ್ಲಿ ಜಮಖಾನೆ ಹಾಸಿ ಸಾಲಾಗಿ ಮಲಗಿದ್ದು ನಲವತ್ತು ವರ್ಷ ಕಳೆದರೂ ಅವರಿಗೆ ನೆನಪಿರುತ್ತದೆ. ಆಮೇಲೆ ಬದುಕಿನಲ್ಲಿ ಅಂಥದ್ದು ಇನ್ನೊಂದಿಲ್ಲ.

ಹಣವಿದ್ದವರಿಗೆ ಈ ರಹದಾರಿ ಬೇಕಿಲ್ಲ. ಶುಕ್ರವಾರ ಸಂಜೆ ಬೆಂಗಳೂರಿನಿಂದ ಹೊರಡುವ ಕಾರುಗಳ ಸಾಲನ್ನು ಯಾರೂ "ಏನು ಕೆಲಸ?" ಎಂದು ತಡೆದು ಕೇಳುವುದಿಲ್ಲ. ಮಡಿಕೇರಿಯ ಹೋಮ್‌ಸ್ಟೇ, ಚಿಕ್ಕಮಗಳೂರಿನ ಎಸ್ಟೇಟು, ಕಬಿನಿಯ ರೆಸಾರ್ಟು ಎಲ್ಲವೂ ಸುಮ್ಮನೆ ಹೋಗುವವರಿಗಾಗಿಯೇ ಇರುವಂಥವು. ಒಂದು ರಾಜ್ಯ, ಹಲವು ಜಗತ್ತುಗಳು ಎಂದು ನಮ್ಮ ಪ್ರವಾಸೋದ್ಯಮ ಇಲಾಖೆ ತನ್ನ ಜಾಹೀರಾತಿನಲ್ಲಿ ಹೇಳಿಕೊಳ್ಳುತ್ತದೆ. ಮಾತು ನಿಜ. ಆದರೆ ಆ ಜಗತ್ತುಗಳಿಗೆ ಕಾಲಿಡಲು ಸಾಮಾನ್ಯ ಸಂಬಳದ ಮನೆಯೊಂದಕ್ಕೆ ಏನು ಅಡ್ಡಿ ಎಂದು ಕೇಳಿದರೆ ಎಲ್ಲರೂ ಥಟ್ಟನೆ ಖರ್ಚು ಎನ್ನುತ್ತಾರೆ. ಆ ಖರ್ಚು ಎಲ್ಲಿ ಆಗುತ್ತದೆ ಎಂದು ಲೆಕ್ಕ ಹಾಕಿದವರು ಕಡಿಮೆ. ನಾನು ಹಾಕಿದೆ. ಅದು ಬಸ್ಸಿನಲ್ಲಿ ಆಗುವುದಿಲ್ಲ, ಊಟದಲ್ಲೂ ಆಗುವುದಿಲ್ಲ. ರಾತ್ರಿಯಲ್ಲಿ ಆಗುತ್ತದೆ.

ಲೆಕ್ಕಕ್ಕೆ ಮೊದಲು ಅಜ್ಜಿಯ ಪ್ರಶ್ನೆಗೆ ಉತ್ತರ ಕೊಡಬೇಕು. ಗದಗಿನಲ್ಲಿ ಏನಿದೆ ನೋಡಲು? ಪ್ರವಾಸದ ಪುಸ್ತಿಕೆಗಳಲ್ಲಿ ಬಾದಾಮಿಗೂ ಹಂಪಿಗೂ ನಡುವೆ ಬಸ್ಸು ಬದಲಿಸುವ ಊರು ಎಂಬಷ್ಟೇ ಮರ್ಯಾದೆ ಇದಕ್ಕೆ. ಊರೊಳಗೆ ತ್ರಿಕೂಟೇಶ್ವರನ ಗುಡಿ ಇದೆ. ಅದರ ಆವರಣದ ಸರಸ್ವತಿ ಗುಡಿಯ ಕಂಬಗಳನ್ನು ಕಲ್ಲಿನಲ್ಲಿ ಕಡೆದರೋ ಮೇಣದಲ್ಲಿ ಎರಕ ಹೊಯ್ದರೋ ಎಂದು ಅನುಮಾನ ಬರುತ್ತದೆ. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಒರಗಿ ಕೂತು ಭಾರತ ಹೇಳಿದ ಎಂದು ಊರವರು ತೋರಿಸುವ ಕಂಬವಿದೆ. ನಾನೂ ಒಮ್ಮೆ ಒರಗಿ ನೋಡಿದೆ. ಬೆನ್ನು ತಣ್ಣಗಾಯಿತು, ಷಟ್ಪದಿ ಮಾತ್ರ ಬರಲಿಲ್ಲ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಹಾರ್ಮೋನಿಯಂ, ತಬಲಾ ಕಲಿಯುತ್ತಾರೆ. ಹೊತ್ತು ನೋಡಿಕೊಂಡು ಹೋದರೆ ಒಂದು ಕೋಣೆಯಿಂದ ಸಂಗೀತದ ಪಾಠವೂ ಪಕ್ಕದ ಕೋಣೆಯಿಂದ ತಬಲದ ಬೋಲೂ ಒಟ್ಟಿಗೆ ಕೇಳುತ್ತವೆ. ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘ ದೇಶದಲ್ಲೇ ಮೊದಲನೆಯದು ಎನ್ನುತ್ತಾರೆ. ಹಳ್ಳಿಯವರು ದುಡ್ಡು ಕೂಡಿಸಿ ತಮ್ಮತಮ್ಮಲ್ಲೇ ಸಾಲ ಕೊಟ್ಟುಕೊಳ್ಳುವ ಏರ್ಪಾಡು ಶುರುವಾದ ಜಾಗ. ಇದನ್ನು ನೋಡಲು ಯಾರು ಹೋಗುತ್ತಾರೆ ಎಂದು ನಗಬೇಡಿ, ನಾನು ಹೋಗಿದ್ದೆ.

ಇನ್ನು ಊರ ಹೊರಗೆ. ಹತ್ತು ಹನ್ನೆರಡು ಕಿಲೋಮೀಟರಿನಲ್ಲಿ ಲಕ್ಕುಂಡಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ, ಕಾಶಿವಿಶ್ವೇಶ್ವರನ ಗುಡಿ, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ಮುಸುಕಿನ ಬಾವಿ. ದಂಬಳದಲ್ಲಿ ನಕ್ಷತ್ರದ ಹಾಗೆ ಮೂಲೆ ಒಡೆದ ದೊಡ್ಡಬಸಪ್ಪನ ಗುಡಿ. ಅದೇ ದಂಬಳದಲ್ಲಿ 1095ರಷ್ಟು ಈಚೆಗೂ ಬೌದ್ಧರ ತಾರಾದೇವಿಗೆ ದತ್ತಿ ಬಿಟ್ಟ ಶಾಸನವಿದೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಅವುಗಳನ್ನು ಬೆಳಗಿನ ಹೊತ್ತು ನೋಡಬೇಕು. ಬೆಳಗಿನ ಹೊತ್ತು ಕೆರೆಯ ಏರಿಯ ಮೇಲೆ ಇರಬೇಕಾದರೆ ಹಿಂದಿನ ರಾತ್ರಿ ಗದಗಿನಲ್ಲಿಯೋ ಲಕ್ಷ್ಮೇಶ್ವರದಲ್ಲಿಯೋ ಮಲಗಿರಬೇಕು. ನನ್ನ ವಾದವೆಲ್ಲ ಶುರುವಾಗುವುದು ಇಲ್ಲಿಂದ.

ನಾನು ದಾವಣಗೆರೆಯವಳು. ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲವಾದ್ದರಿಂದ ಪ್ರಯಾಣಕ್ಕೆ ಸೊನ್ನೆ. ಮೊದಮೊದಲು, ಸಂಬಳ ಬರುವ ನನಗೇಕೆ ಎಂದು ದುಡ್ಡು ಚಾಚುತ್ತಿದ್ದೆ. ಒಮ್ಮೆ ಕಂಡಕ್ಟರೊಬ್ಬರು, "ನೀವು ದುಡ್ಡು ಕೊಟ್ರೆ ನಂಗೆ ಚಿಲ್ಲರೆ ತಾಪತ್ರಯ, ಆಧಾರ್ ತೋರ್ಸಿ ಮೇಡಂ" ಎಂದ ಮೇಲೆ ಆ ಬಿಂಕ ಬಿಟ್ಟೆ. ಜೊತೆಗೆ ಗಂಡಸರಿದ್ದರೂ ಹುಬ್ಬಳ್ಳಿಯಿಂದ ಗದಗಿಗೆ ನೂರು ರೂಪಾಯಿಯೊಳಗೇ ಮುಗಿಯುತ್ತದೆ. ಖಾನಾವಳಿಯ ಊಟ ನೂರರ ಆಸುಪಾಸು: ರೊಟ್ಟಿ, ಎಣಗಾಯಿ, ಕಾಳು ಪಲ್ಯ, ಶೇಂಗಾ ಹಿಂಡಿ, ಮೊಸರು, ಕೊನೆಗೆ ಅನ್ನ ಸಾರು. ಸಂಜೆಗೆ ಗಿರ್ಮಿಟ್ಟು, ಮಿರ್ಚಿ, ಚಹಾ. ಲಕ್ಕುಂಡಿಗೂ ದಂಬಳಕ್ಕೂ ಬಸ್ಸುಂಟು. ಕೋಣೆಗೆ ಮಾತ್ರ ಒಂಬೈನೂರು. ಎರಡು ದಿನ ತಿಂದದ್ದು ಕುಡಿದದ್ದು ಓಡಾಡಿದ್ದು ಎಲ್ಲ ಕೂಡಿಸಿದರೂ ಆ ಒಂದು ರಾತ್ರಿಯ ಬಾಡಿಗೆಗೆ ಸರಿಹೋಗಲಿಲ್ಲ. ಒಂಬೈನೂರಕ್ಕೆ ಸಿಕ್ಕಿದ್ದು ಕಿಟಕಿ ತೆರೆಯಲಾಗದ ಕೋಣೆ, ಹಿಂದಿನವರ ತಲೆಯೆಣ್ಣೆಯ ವಾಸನೆಯ ದಿಂಬು, ಒಳಗಿನ ಚಿಲಕವನ್ನು ಯಾರೋ ಕಿತ್ತುಹಾಕಿದ ಬಚ್ಚಲು. ಗಂಡ ಹೆಂಡತಿ ಇಬ್ಬರು ಮಕ್ಕಳೊಂದಿಗೆ ಬಂದರೆ ಎರಡು ಕೋಣೆ. ಆಗ ಮನೆಯಲ್ಲಿ ಸಹಜವಾಗಿಯೇ ತೀರ್ಮಾನವಾಗುತ್ತದೆ: ಬೆಳಿಗ್ಗೆ ಹೋಗಿ ಸಂಜೆ ಬರೋಣ, ಇಲ್ಲವಾದರೆ ಬೇಡವೇ ಬೇಡ.

ಬೆಳಿಗ್ಗೆ ಹೋಗಿ ಸಂಜೆ ಬರುವ ಪ್ರಯಾಣದಲ್ಲಿ ಊರು ಕಾಣುವುದಿಲ್ಲ. ಗುಡಿ ಕಾಣುತ್ತದೆ, ಕೋಟೆ ಕಾಣುತ್ತದೆ. ಚಿಕ್ಕ ಊರುಗಳು ತಮ್ಮ ಮುಖ ತೋರಿಸುವುದು ಸಂಜೆ ಆರರಿಂದ ಒಂಬತ್ತರವರೆಗೆ ಮತ್ತು ಬೆಳಿಗ್ಗೆ ಐದರಿಂದ ಎಂಟರವರೆಗೆ. ಬಿಸಿಲಿಗೆ ಬಾಗಿಲು ಹಾಕಿಕೊಂಡಿದ್ದ ಬಜಾರು ಸಂಜೆ ತೆರೆದುಕೊಳ್ಳುತ್ತದೆ. ವಿಜಯಪುರದ ಗೋಳಗುಮ್ಮಟದ ಪಿಸುಗುಡುವ ಗ್ಯಾಲರಿಯಲ್ಲಿ ಪಿಸುಮಾತು ಕೇಳಬೇಕಾದರೆ ಬೆಳಿಗ್ಗೆ ಬಾಗಿಲು ತೆರೆದೊಡನೆ ಹತ್ತಬೇಕು. ಹತ್ತು ಗಂಟೆಗೆ ಹೋದರೆ ಶಾಲಾಮಕ್ಕಳ ಕೂಗು ಏಳೇಳು ಸಲ ಮರುದನಿಗೊಂಡು ತಲೆ ತಿರುಗುತ್ತದೆ. ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಹೆಂಗಸರು ಬಟ್ಟೆ ಒಗೆಯುವ ಸದ್ದು ಬಂಡೆಗೆ ಬಡಿದು ಮರಳುವುದನ್ನು ಕೇಳದವರು ಬಾದಾಮಿಯ ಅರ್ಧವನ್ನಷ್ಟೇ ಕಂಡವರು. ಒಂದು ರಾತ್ರಿ ಎಂದರೆ ಊರಿನವರೊಡನೆ ಎರಡು ಹೊತ್ತು ಕಳೆಯುವ ಅವಕಾಶ. ಅದನ್ನು ಕಿತ್ತುಕೊಂಡರೆ ಉಳಿಯುವುದು ಫೋಟೊ.

ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲದ ಬಸ್ಸಿನ, ಅಂದರೆ ಶಕ್ತಿ ಯೋಜನೆಯ ಮಾತು ಆಗಲೇ ಬಂತು. 2023ರ ಜೂನ್ 11ರಂದು ಅದು ಶುರುವಾದ ಮೊದಲ ವಾರಗಳ ಗೇಲಿ ನೆನಪಿರಬಹುದು. ಹೆಂಗಸರೆಲ್ಲ ಧರ್ಮಸ್ಥಳಕ್ಕೆ, ಕುಕ್ಕೆಗೆ, ಶೃಂಗೇರಿಗೆ, ಸವದತ್ತಿಗೆ ಮುಗಿಬಿದ್ದಿದ್ದಾರೆ, ಮನೆಯಲ್ಲಿ ಗಂಡಂದಿರು ಅಡುಗೆ ಮಾಡಿಕೊಳ್ಳುತ್ತಿದ್ದಾರೆ ಎಂಬ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಬುದ್ಧಿವಂತರು ಇನ್ನೊಂದು ಮಾತು ಸೇರಿಸಿದರು: ಬಿಟ್ಟಿ ಬಸ್ಸು ಕೊಟ್ಟರೆ ನಮ್ಮ ಹೆಣ್ಣುಮಕ್ಕಳಿಗೆ ಹೊಳೆಯುವುದು ದೇವಸ್ಥಾನ ಮಾತ್ರ, ಲೋಕ ನೋಡುವ ಆಸೆ ಎಲ್ಲಿದೆ? ಆಗ ನನಗೂ ಹಾಗೇ ಅನಿಸಿತ್ತು. ಈಗ ಅನಿಸುವುದಿಲ್ಲ.

ಬಸ್ಸು ಪುಕ್ಕಟೆಯಾದ ದಿನ ಒಬ್ಬ ಹೆಣ್ಣುಮಗಳು ಎಲ್ಲಿಗೆ ಹೋಗಬಹುದಿತ್ತು ಎಂದು ಆಕೆಯ ಜಾಗದಲ್ಲಿ ನಿಂತು ಯೋಚಿಸಿ. ಕೈಯಲ್ಲಿ ಐನೂರು ರೂಪಾಯಿ. ಜೊತೆಗೆ ನಾದಿನಿ, ಪಕ್ಕದ ಮನೆಯಾಕೆ. ರಾತ್ರಿ ಎಲ್ಲಿ ಮಲಗುವುದು? ಊಟ ಎಲ್ಲಿ? ಬಟ್ಟೆ ಬದಲಿಸುವುದೆಲ್ಲಿ? ಈ ಮೂರಕ್ಕೂ ಕರ್ನಾಟಕದಲ್ಲಿ ಅಂಜದೆ ಉತ್ತರ ಹೇಳುವುದು ಕ್ಷೇತ್ರಗಳು ಮಾತ್ರ. ಧರ್ಮಸ್ಥಳದಲ್ಲಿ ನದಿಗಳ ಹೆಸರಿಟ್ಟ ವಸತಿಗೃಹಗಳಿವೆ, ಸಾವಿರಾರು ಜನ ಒಟ್ಟಿಗೆ ಕೂತು ಉಣ್ಣುವ ಅನ್ನಪೂರ್ಣವಿದೆ. ಹೊರನಾಡಿನಲ್ಲಿ, ಶೃಂಗೇರಿಯಲ್ಲಿ, ಮಲೆ ಮಹದೇಶ್ವರ ಬೆಟ್ಟದಲ್ಲಿ ಅನ್ನ ಉಂಟು, ನೆರಳುಂಟು. ಬೀದರಿನ ನಾನಕ್ ಝೀರಾದಲ್ಲಿ ಲಂಗರಿನ ಊಟಕ್ಕೆ ಯಾವ ಜಾತಿ, ಯಾವ ಧರ್ಮ ಎಂದು ಕೇಳುವವರಿಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಂತೂ ಬಯಲೇ ವಸತಿ. ಮೂರು ಕಲ್ಲು ಹೂಡಿ ಕಡುಬು ಬೇಯಿಸಿ, ಪಡ್ಡಲಿಗೆ ತುಂಬಿಸಿ, ಗುಂಪುಗುಂಪಾಗಿ ಅಲ್ಲೇ ಮಲಗಿದರೂ ಯಾರೂ ಎಬ್ಬಿಸುವುದಿಲ್ಲ. ಭಕ್ತಿ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಆ ದಟ್ಟಣೆಯನ್ನು ಭಕ್ತಿಯ ಅಳತೆಗೋಲಿನಿಂದ ಮಾತ್ರ ಅಳೆದವರು ಒಂದು ಸರಳ ಸಂಗತಿ ಮರೆತರು. ಹೆಂಗಸರು ಹೋದದ್ದು ಹಾಸಿಗೆ ಇದ್ದ ಕಡೆಗೆ.

ಹಾಸಿಗೆ ಇಲ್ಲದ ಕಡೆ ಏನಾಗುತ್ತದೆ ಎಂಬುದು ನನಗೆ ಗೊತ್ತು. ಕೆಲವು ವರ್ಷಗಳ ಹಿಂದೆ ನಾನೂ ನನ್ನ ಸಹೋದ್ಯೋಗಿಯೂ ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಸಂಜೆ ಬಸ್ಸಿಳಿದೆವು. ಊರ ಹೆಸರು ಬೇಡ. ಮೊದಲ ಲಾಡ್ಜಿನ ಹುಡುಗ ನಮ್ಮ ಬೆನ್ನ ಹಿಂದೆ ಕಣ್ಣಾಡಿಸಿ, "ಜೆಂಟ್ಸ್ ಯಾರೂ ಇಲ್ವಾ?" ಎಂದ. ಇಲ್ಲ ಎಂದೆವು. "ಫ್ಯಾಮಿಲಿ ಇದ್ರೆ ಮಾತ್ರ ಕೊಡೋದು ಮೇಡಂ." ಇಬ್ಬರು ಐವತ್ತು ದಾಟಿದ ಹೆಂಗಸರು ಫ್ಯಾಮಿಲಿ ಅಲ್ಲವಂತೆ. ಎರಡನೆಯ ಲಾಡ್ಜಿನಲ್ಲಿ ಕೆಳಗಡೆ ಬಾರು. ಕೋಣೆ ಕೊಟ್ಟರು, ನಾವೇ ಬೇಡವೆಂದೆವು. ಕೊನೆಗೆ ಒಬ್ಬ ಹಳೆಯ ವಿದ್ಯಾರ್ಥಿನಿಯ ಅತ್ತೆಯ ಮನೆಯಲ್ಲಿ ಮಲಗಿದೆವು. ಒಳ್ಳೆಯ ಜನ, ಕಾಯಿಕಡುಬು ಮಾಡಿ ಹಾಕಿದರು. ಆದರೆ ನೋಡಿ, ಸುತ್ತಿ ಬಳಸಿ ಮತ್ತೆ ಅಜ್ಜಿಯ ಮೊದಲ ಪ್ರಶ್ನೆಗೇ ಬಂದು ನಿಂತಿದ್ದೆವು. ಯಾರ ಮನೆಗೆ ಬಂದಿರಿ?

ಉಚಿತ ಪ್ರಯಾಣಕ್ಕೆ ಇನ್ನೊಂದು ಕಟ್ಟೂ ಇದೆ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಲ್ಲಿ ಶೂನ್ಯ ಟಿಕೆಟ್ ನಡೆಯುವುದಿಲ್ಲ. ಬೆಂಗಳೂರಿನಿಂದ ಬೀದರಿಗೆ ಸುಮಾರು 700 ಕಿಲೋಮೀಟರು. ಸಾಮಾನ್ಯ ಬಸ್ಸುಗಳಲ್ಲಿ ಅಲ್ಲಲ್ಲಿ ಇಳಿದು ಹತ್ತಿ ಹೋಗುವವಳು ನಡುವೆ ಎಲ್ಲಾದರೂ ಬೆನ್ನು ನೆಲಕ್ಕೆ ತಾಗಿಸಲೇಬೇಕು. ಉಳ್ಳವರು ಸ್ಲೀಪರ್ ಬಸ್ಸಿನಲ್ಲೇ ರಾತ್ರಿ ಕಳೆದು ಒಂದು ಕೋಣೆಯ ಬಾಡಿಗೆ ಉಳಿಸುತ್ತಾರೆ. ಬಡವಳಿಗೆ ಬಸ್ಸು ಪುಕ್ಕಟೆ, ಕೋಣೆ ಕಡ್ಡಾಯ.

ಹಿಂದಿನವರು ಇದಕ್ಕೆ ದಾರಿ ಕಂಡುಕೊಂಡಿರಲಿಲ್ಲವೇ? ಕಂಡುಕೊಂಡಿದ್ದರು. ಸತ್ರಕ್ಕೆ, ಅರವಟ್ಟಿಗೆಗೆ ಭೂಮಿ ಬಿಟ್ಟ ಶಾಸನಗಳು ನಮ್ಮಲ್ಲಿ ಬೇಕಾದಷ್ಟಿವೆ. ತೀರ ಹಿಂದಕ್ಕೂ ಹೋಗಬೇಕಿಲ್ಲ. ಗುಬ್ಬಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ವ್ಯಾಪಾರ ಮಾಡಿದ ತೋಟದಪ್ಪನವರು ಗಳಿಸಿದ್ದನ್ನು ಹಾಕಿ ರೈಲು ನಿಲ್ದಾಣದ ಎದುರಿಗೇ ಛತ್ರ ಕಟ್ಟಿಸಿದರು. ರೈಲಿಳಿದವನು ಅಪರಿಚಿತ ಪಟ್ಟಣದಲ್ಲಿ ಮೊದಲು ಹುಡುಕುವುದು ಏನನ್ನು ಎಂದು ಆ ವರ್ತಕನಿಗೆ ಗೊತ್ತಿತ್ತು. ಅಂಥ ಛತ್ರಗಳು ಊರೂರಿಗೆ ಇದ್ದವು. ಜಾತಿಯ ಕಟ್ಟು ಅವುಗಳಲ್ಲಿ ಬಿಗಿಯಾಗಿತ್ತು, ಎಲ್ಲರಿಗೂ ಅಲ್ಲಿ ಜಾಗವಿರಲಿಲ್ಲ. ಆ ಕಾಲವನ್ನು ನಾನು ಹೊಗಳಲಾರೆ. ಆದರೆ ಜಾತಿಯನ್ನು ಬಿಟ್ಟು ಛತ್ರವನ್ನು ಉಳಿಸಿಕೊಳ್ಳಬೇಕಾಗಿದ್ದ ನಾವು ಛತ್ರವನ್ನು ಬಿಟ್ಟು ಜಾತಿಯನ್ನು ಉಳಿಸಿಕೊಂಡೆವು. ಇವತ್ತು "ಯಾವ ಛತ್ರ?" ಎಂದು ಕೇಳಿದರೆ "ಯಾರ ಮದುವೆ?" ಎಂದೇ ಅರ್ಥ.

ಹೀಗೆ ಅರ್ಥ ಕಳೆದುಕೊಂಡ ಇನ್ನೊಂದು ಶಬ್ದ ಪ್ರವಾಸಿ ಮಂದಿರ. ತಾಲ್ಲೂಕು ಕೇಂದ್ರಗಳಲ್ಲಿ ಲೋಕೋಪಯೋಗಿ ಇಲಾಖೆಯ ಕಟ್ಟಡವಿರುತ್ತದೆ, ಬಾಯಿಮಾತಿನಲ್ಲಿ ಐಬಿ. ಊರಿನ ಒಳ್ಳೆಯ ಜಾಗ, ಮಳೆಮರದ ನೆರಳು, ಎತ್ತರದ ಮಾಡು, ಮುಂದೆ ಜಗಲಿ. ಬ್ರಿಟಿಷರ ಕಾಲದಲ್ಲಿ ಕುದುರೆ, ಗಾಡಿಗಳಲ್ಲಿ ಬರುವ ಅಧಿಕಾರಿಗಳಿಗೂ ಪ್ರಯಾಣಿಕರಿಗೂ ತಂಗಲು ಹುಟ್ಟಿದ ವ್ಯವಸ್ಥೆಯ ಕೂಸು ಇದು. ಹೆಸರಿನಲ್ಲೇ ಪ್ರವಾಸಿ ಇದ್ದಾನೆ, ಮಂದಿರವೂ ಇದೆ. ಗರ್ಭಗುಡಿಗೆ ಮಾತ್ರ ಪ್ರವೇಶವಿಲ್ಲ. ನಾನು ಒಂದು ಕಡೆ ಕೇಳಿಯೇ ಬಿಟ್ಟೆ. ಕಾವಲಿನವನು ಬಹಳ ವಿನಯದಿಂದ, "ಸಾಹೇಬ್ರ ಚೀಟಿ ತರ್ರಿ ಅಕ್ಕಾರ" ಎಂದ. ಯಾವ ಸಾಹೇಬರು? ಅದು ಅವನಿಗೂ ಖಚಿತವಿರಲಿಲ್ಲ. ಒಳಗೆ ಯಾರೂ ಇರಲಿಲ್ಲ. ಆದರೆ ಯಾರೋ ಬರಬಹುದಿತ್ತು. ಬರಬಹುದಾದ ಆ ಯಾರೋ ಒಬ್ಬರಿಗಾಗಿ ಎಷ್ಟೋ ಊರುಗಳ ಕೋಣೆಗಳು ವರ್ಷದ ಬಹುಪಾಲು ಹಾಸಿಗೆ ಹಾಸಿಕೊಂಡು ಕಾಯುತ್ತವೆ.

ಕೇರಳದಲ್ಲಿಯೂ ಇದೇ ಕಥೆ ಇತ್ತು. 2021ರ ನವೆಂಬರ್ 1ರಂದು ಅಲ್ಲಿನ ಲೋಕೋಪಯೋಗಿ ಇಲಾಖೆ ತನ್ನ ನೂರೈವತ್ತರಷ್ಟು ವಿಶ್ರಾಂತಿಗೃಹಗಳ ಸಾವಿರಕ್ಕೂ ಹೆಚ್ಚು ಕೋಣೆಗಳನ್ನು ಜನರಿಗೆ ತೆರೆದಿಟ್ಟಿತು. ಮೊಬೈಲಿನಲ್ಲೇ ಕಾದಿರಿಸಬಹುದು, ಚೀಟಿ ಬೇಕಿಲ್ಲ. ಹೊಸದೊಂದು ಇಟ್ಟಿಗೆಯನ್ನೂ ಇಡಬೇಕಾಗಿರಲಿಲ್ಲ. ಅದು ಅವರ ರಾಜ್ಯ ಹುಟ್ಟಿದ ದಿನ. ನಮಗೂ ಅದೇ ದಿನ ರಾಜ್ಯೋತ್ಸವ. ಆ ದಿನ ನಾವು ಬಾವುಟ ಹಾರಿಸುತ್ತೇವೆ, ಪ್ರಶಸ್ತಿ ಹಂಚುತ್ತೇವೆ, ಕನ್ನಡನಾಡನ್ನು ನೋಡಿ ಎಂದು ಭಾಷಣ ಮಾಡುತ್ತೇವೆ. ಭಾಷಣ ಮಾಡಿದವರು ಆ ರಾತ್ರಿ ಐಬಿಯಲ್ಲಿ ಮಲಗುತ್ತಾರೆ.

ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳಿವೆಯಲ್ಲ ಎನ್ನಬಹುದು. ಇವೆ, ಕೆಲವು ಚೆನ್ನಾಗಿಯೂ ಇವೆ. ಬಾದಾಮಿಯಲ್ಲಿ ಮಯೂರ ಚಾಲುಕ್ಯ, ವಿಜಯಪುರದಲ್ಲಿ ಮಯೂರ ಆದಿಲ್‌ಶಾಹಿ, ಬೀದರಿನಲ್ಲಿ ಮಯೂರ ಬರೀದ್‌ಶಾಹಿ ಎಂದು ರಾಜವಂಶಗಳ ಹೆಸರು. ಕದಂಬರ ಮಯೂರನ ಹೆಗಲ ಮೇಲೆ ಆದಿಲ್‌ಶಾಹಿಯನ್ನು ಕೂರಿಸಿದವರ ಧೈರ್ಯಕ್ಕೆ ಮೆಚ್ಚಬೇಕು. ಆದರೆ ಅವು ಪ್ರಸಿದ್ಧ ತಾಣಗಳಲ್ಲಿವೆ, ಅವುಗಳ ದರ ರೆಸಾರ್ಟಿಗಿಂತ ಕಡಿಮೆಯಿದ್ದರೂ ಐನೂರು ರೂಪಾಯಿ ಹಿಡಿದು ಬಂದವಳಿಗೆ ಎಟುಕುವುದಿಲ್ಲ. ರೈಲು ನಿಲ್ದಾಣದ ರಿಟೈರಿಂಗ್ ರೂಮು, ಡಾರ್ಮಿಟರಿ ಇದಕ್ಕಿಂತ ಹತ್ತಿರದ ಮಾದರಿ. ಒಂದು ಮಂಚ, ಒಂದು ಬೀಗದ ಪೆಟ್ಟಿಗೆ, ನೀರು ಬರುವ ಬಚ್ಚಲು. ಆದರೆ ಅದು ಇರುವುದು ದೊಡ್ಡ ನಿಲ್ದಾಣಗಳಲ್ಲಿ, ಅದೂ ರೈಲು ಟಿಕೆಟ್ ಇದ್ದವರಿಗೆ. ಬಸ್ಸಿನ ನಾಡಾದ ನಮ್ಮಲ್ಲಿ ಬಸ್ ನಿಲ್ದಾಣಕ್ಕೆ ಇಂಥದ್ದೊಂದು ಹೊಳೆಯಲಿಲ್ಲ. ಹೊಸದಾಗಿ ಕಟ್ಟಿದ ಎಷ್ಟೋ ನಿಲ್ದಾಣಗಳ ಮೇಲಿನ ಅಂತಸ್ತು ಅಂಗಡಿಗೆ ಗಿರಾಕಿ ಸಿಗದೆ ಪಾರಿವಾಳಗಳ ಪಾಲಾಗಿರುವುದನ್ನು ನಾನು ನೋಡಿದ್ದೇನೆ.

ಅಗ್ಗದ ಕೋಣೆಗೂ ದುಬಾರಿ ಕೋಣೆಗೂ ಇರುವ ವ್ಯತ್ಯಾಸ ತೆರಿಗೆಯವರ ಕಣ್ಣಿಗೂ ಕಾಣುವುದಿಲ್ಲ. 2022ರ ಜುಲೈ 17ರವರೆಗೆ ದಿನಕ್ಕೆ ಸಾವಿರ ರೂಪಾಯಿ ಮೀರದ ಕೋಣೆಗೆ ಜಿಎಸ್‌ಟಿ ಇರಲಿಲ್ಲ. ಆ ವಿನಾಯಿತಿ ತೆಗೆದು ಶೇ 12 ಹಾಕಿದರು. 2025ರ ಸೆಪ್ಟೆಂಬರಿನಲ್ಲಿ ಅದು ಶೇ 5ಕ್ಕೆ ಇಳಿಯಿತು, ಒಳ್ಳೆಯದೇ. ಆದರೆ ಈಗ ಒಂಬೈನೂರರ ಕೋಣೆಗೂ ಏಳೂವರೆ ಸಾವಿರದ ಕೋಣೆಗೂ ಒಂದೇ ದರ. ನೋಂದಣಿಯೇ ಬೇಕಿಲ್ಲದಷ್ಟು ಸಣ್ಣ ಲಾಡ್ಜುಗಳ ಮಾತು ಬೇರೆ. ಧಾರ್ಮಿಕ ಸಂಸ್ಥೆಗಳು ತಮ್ಮ ಕ್ಷೇತ್ರದ ಆವರಣದಲ್ಲಿ ಸಾವಿರಕ್ಕಿಂತ ಕಡಿಮೆಗೆ ಕೊಡುವ ಕೋಣೆಗೆ ವಿನಾಯಿತಿ ಹಾಗೇ ಉಳಿದಿದೆ. ನಲವತ್ತೈದು ರೂಪಾಯಿ ಏನು ಮಹಾ, ಎರಡು ಪ್ಲೇಟು ಮಿರ್ಚಿ. ನನ್ನ ತಕರಾರು ದುಡ್ಡಿನದಲ್ಲ. ಭಕ್ತನಾಗಿ ಹೋದರೆ ನೀನು ಯಾತ್ರಿಕ, ಸುಮ್ಮನೆ ಹೋದರೆ ಗಿರಾಕಿ ಎಂದು ಕಾನೂನಿನ ಪುಸ್ತಕವೂ ಅಜ್ಜಿಯ ದನಿಯಲ್ಲೇ ಮಾತಾಡುತ್ತಿದೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಅಗ್ಗ ಮಾಡಿದರೆ ಜನ ನುಗ್ಗುತ್ತಾರೆ, ಜನ ನುಗ್ಗಿದರೆ ಊರು ಕೆಡುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಕಿರಿದಾದ ದಾರಿಯಲ್ಲಿ ಭಾನುವಾರ ಕಾರುಗಳು ಮೂತಿಗೆ ಮೂತಿ ಸಿಕ್ಕಿಕೊಂಡು ನಿಲ್ಲುವುದನ್ನು ಕಂಡವರು ಹೀಗೆ ಹೆದರುವುದು ಸಹಜ. ಹಂಪಿಯ ಆಚೆ ದಡದ ವಿರುಪಾಪುರಗಡ್ಡೆಯಲ್ಲಿ ರೆಸಾರ್ಟುಗಳು ಹಬ್ಬಿ, ಕೊನೆಗೆ 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ಕೆಡವಬೇಕಾಯಿತು. ಆದರೆ ಇವೆರಡರಲ್ಲೂ ನುಗ್ಗಿದ್ದು ಬಸ್ಸಿನಲ್ಲಿ ಬಂದ ಬಡವರಲ್ಲ. ಒಂದು ಬಸ್ಸು ಐವತ್ತು ಜನರನ್ನು ತಂದರೆ ಅಷ್ಟೇ ಜನಕ್ಕೆ ಹದಿನೈದು ಕಾರು ಬೇಕು. ಮೇಲಾಗಿ ನೂಕುನುಗ್ಗಲಿಗೆ ಕಾರಣ ಹೋಗಲು ಆಸೆಯಿದ್ದವರು ಹೆಚ್ಚಾದದ್ದಕ್ಕಿಂತ ಹೋಗಬಹುದಾದ ಜಾಗಗಳು ಹತ್ತೇ ಆದದ್ದು. 31 ಜಿಲ್ಲೆ, ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳ ರಾಜ್ಯದಲ್ಲಿ ಎಲ್ಲರೂ ಒಂದೇ ಬೆಟ್ಟ ಹತ್ತುತ್ತಿದ್ದರೆ ಉಳಿದ ಊರುಗಳಲ್ಲಿ ಏನು ಕೊರತೆ ಎಂದು ಕೇಳಬೇಕಲ್ಲವೇ? ಗುಳೇದಗುಡ್ಡದ ಖಣದ ಮಗ್ಗ, ಕೆಳದಿಯ ಗುಡಿ, ಬನವಾಸಿಯ ವರದೆಯ ದಂಡೆ, ಚಿತ್ರದುರ್ಗದ ಏಳುಸುತ್ತಿನ ಕೋಟೆಯ ಕೆಳಗಿನ ಹಳೆಪೇಟೆ, ಬೀದರಿನಲ್ಲಿ ಕೋಟೆಯ ಮಣ್ಣಿನಿಂದ ಬಿದರಿ ಸಾಮಾನಿಗೆ ಕಪ್ಪು ಕೊಡುವ ಓಣಿ. ಇವೆಲ್ಲ ಸಾವಿರ ಜನ ಬಂದರೆ ತಾಳುವುದಿಲ್ಲ, ಇಪ್ಪತ್ತು ಜನ ಬಂದರೆ ಬಾಳುತ್ತವೆ. ಮೂವತ್ತು ಮಂಚದ ಒಂದು ವಸತಿ ಆ ಲೆಕ್ಕಕ್ಕೆ ಸರಿಯಾದ ಅಳತೆ.

ಜನರ ವಿರಾಮಕ್ಕೆ ಸರ್ಕಾರ ಯಾಕೆ ದುಡ್ಡು ಹಾಕಬೇಕು ಎಂಬ ಎರಡನೆಯ ಮಾತಿಗೆ ಉತ್ತರ ಚಿಕ್ಕದು. ಈಗಲೂ ಹಾಕುತ್ತಿದೆ. ಪ್ರವಾಸೋದ್ಯಮ ನೀತಿಗಳು ಹೋಟೆಲು ಕಟ್ಟುವವರಿಗೆ ಸಹಾಯಧನ, ರಿಯಾಯಿತಿ ಕೊಡುತ್ತಲೇ ಬಂದಿವೆ.

ಹಾಗೆಂದು ಎಲ್ಲವನ್ನೂ ಹೊಸದಾಗಿ ಕಟ್ಟಬೇಕೆಂದೂ ನಾನು ಹೇಳುವುದಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲ, ಧನುರ್ಮಾಸದಲ್ಲಿ ಇಲ್ಲ. ಆಗ ಊರೂರಿನ ಕಲ್ಯಾಣ ಮಂಟಪಗಳು, ಸಮುದಾಯ ಭವನಗಳು ಕೋಣೆ, ಬಚ್ಚಲು, ಅಡುಗೆಮನೆ ಸಮೇತ ಬೀಗ ಹಾಕಿಕೊಂಡಿರುತ್ತವೆ. ಧನುರ್ಮಾಸವೆಂದರೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ: ಬಯಲುಸೀಮೆಯಲ್ಲಿ ಓಡಾಡಲು ಅದಕ್ಕಿಂತ ಹಿತವಾದ ಕಾಲವಿಲ್ಲ, ಮಾಗಡಿ ಕೆರೆಯಲ್ಲಿ ಹೆಬ್ಬಾತುಗಳಿರುವುದೂ ಆಗಲೇ. ಮನುಷ್ಯರ ಮದುವೆ ನಿಂತ ತಿಂಗಳಲ್ಲಿ ಹಕ್ಕಿಗಳನ್ನು ನೋಡಲು ಬಂದವರಿಗೆ ಆ ಬೀಗ ತೆಗೆದುಕೊಟ್ಟರೆ ಯಾರಿಗೆ ನಷ್ಟ? ಪಂಚಾಯಿತಿ ಅಥವಾ ಪುರಸಭೆ ದರ ಬರೆದು ಹಾಕಲಿ, ಸ್ತ್ರೀಶಕ್ತಿ ಸಂಘದವರು ನಡೆಸಲಿ. ಹೆಂಗಸರು ನಡೆಸುವ ವಸತಿಯಲ್ಲಿ "ಜೆಂಟ್ಸ್ ಯಾರೂ ಇಲ್ವಾ?" ಎಂಬ ಪ್ರಶ್ನೆ ಬರುವುದಿಲ್ಲ.

ಕೋಣೆ ಇಲ್ಲದಿದ್ದಾಗ ನಮ್ಮ ಜನ ಏನು ಮಾಡುತ್ತಿದ್ದರು ಎಂಬುದಕ್ಕೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ಸಾಕ್ಷಿ. ಬನದ ಹುಣ್ಣಿಮೆಗೆ ಶುರುವಾಗಿ ವಾರಗಟ್ಟಲೆ ನಡೆಯುವ ಆ ಜಾತ್ರೆಯಲ್ಲಿ ನಾಟಕ ಕಂಪನಿಗಳು ಸಾಲಾಗಿ ತಂಬು ಹಾಕುತ್ತವೆ. ರಾತ್ರಿಯಿಡೀ ಆಟ. ಕಲೆಯ ಮೇಲಿನ ಪ್ರೀತಿ ಎನ್ನುತ್ತೇವೆ, ಪ್ರೀತಿಯೇ ಹೌದು. ಜೊತೆಗೆ, ಬೆಳತನಕ ನಾಟಕ ನಡೆದರೆ ಮಲಗುವ ಚಿಂತೆಯೂ ಇಲ್ಲ, ಮೊದಲ ಬಸ್ಸಿಗೆ ಊರಿಗೆ ಹೊರಟರಾಯಿತು. ಕರಾವಳಿಯ ಇಡೀ ರಾತ್ರಿಯ ಯಕ್ಷಗಾನಕ್ಕೂ ಇದೇ ಅನುಕೂಲವಿತ್ತು. ಈಗ ಕಾಲಮಿತಿಯ ಆಟ ನಡುರಾತ್ರಿಗೇ ಮುಗಿಯುತ್ತದೆ. ಬೈಕು ಕಾರು ಇದ್ದವರು ಮನೆ ಸೇರುತ್ತಾರೆ, ಬಸ್ಸಿನವರು ಬರುವುದನ್ನೇ ಬಿಟ್ಟಿದ್ದಾರೆ. ಹಾಗೆಯೇ, ನೋಡುವುದೇನೂ ಇಲ್ಲದ ಕಡೆಗೆ ಯಾರು ಹೋಗುತ್ತಾರೆ ಎನ್ನುವವರು ಹೆಗ್ಗೋಡನ್ನು ನೆನೆಯಬೇಕು. ಸಾಗರದ ಬಳಿಯ ಆ ಹಳ್ಳಿಯಲ್ಲಿ ಜಲಪಾತವಿಲ್ಲ, ಕೋಟೆಯಿಲ್ಲ. 1949ರಲ್ಲಿ ಹುಟ್ಟಿದ ನೀನಾಸಮ್ ಇದೆ. ಅದರ ಸಂಸ್ಕೃತಿ ಶಿಬಿರಕ್ಕೆ ನಾಡಿನ ಮೂಲೆಮೂಲೆಯಿಂದ ಜನ ಬಂದು, ಸಾದಾ ಹಾಸಿಗೆಯಲ್ಲಿ ಮಲಗಿ, ಸಾಲಿನಲ್ಲಿ ನಿಂತು ಉಂಡು, ನಾಟಕ ನೋಡಿ, ಜಗಳವಾಡಿ ಹೋಗುತ್ತಾರೆ. ಅಲ್ಲಿ ಮಲಗಲು ಜಾಗವಿಲ್ಲದಿದ್ದರೆ ಆ ಶಿಬಿರ ಸಾಗರ ತಾಲ್ಲೂಕಿನವರ ಕಾರ್ಯಕ್ರಮವಾಗಿ ಉಳಿಯುತ್ತಿತ್ತು.

ಗದಗಿನ ಎರಡನೆಯ ದಿನ ಲಕ್ಕುಂಡಿಯಲ್ಲಿದ್ದೆ. ಬ್ರಹ್ಮಜಿನಾಲಯದ ಮುಂದೆ ನಾಲ್ವರು ಹೆಂಗಸರು ನೆರಳಿಗೆ ಕೂತು ಗಂಟು ಬಿಚ್ಚಿ ರೊಟ್ಟಿ ತಿನ್ನುತ್ತಿದ್ದರು. ರಾಣೆಬೆನ್ನೂರು ಕಡೆಯವರಂತೆ, ನಸುಕಿನಲ್ಲೇ ಎದ್ದು ಮೂರು ಬಸ್ಸು ಬದಲಿಸಿ ಬಂದಿದ್ದರು. ಅವರಲ್ಲೊಬ್ಬರ ಮಗಳು ಪಾಠದಲ್ಲಿ ಓದಿ ಹೇಳಿದ್ದಳಂತೆ, ಅದಕ್ಕೇ ನೋಡಬೇಕೆನಿಸಿತಂತೆ. ನನಗೂ ಒಂದು ರೊಟ್ಟಿ, ಮೇಲೆ ಕೆಂಪು ಖಾರ ಕೊಟ್ಟರು. ಫಲಕದಲ್ಲಿ ಏನು ಬರೆದಿದೆ ಓದಿ ಹೇಳಿ ಎಂದರು. ಅತ್ತಿಮಬ್ಬೆ ಎಂಬಾಕೆ ಕಟ್ಟಿಸಿದ್ದು ಎಂದೆ. ಪೊನ್ನನ ಕಾವ್ಯವನ್ನು ಸಾವಿರ ಪ್ರತಿ ಬರೆಸಿ ಹಂಚಿದವಳು, ದಾನಚಿಂತಾಮಣಿ ಎಂದು ಹೆಸರಾದವಳು ಎಂದೂ ಸೇರಿಸಿದೆ.

"ಹೆಣ್ಮಗಳು ಕಟ್ಸಿದ್ದಾ?" ಎಂದು ಹಿರಿಯಾಕೆ ತಲೆಯೆತ್ತಿ ಶಿಖರವನ್ನು ಇನ್ನೊಮ್ಮೆ ನೋಡಿದರು. ಅಷ್ಟರಲ್ಲಿ ಕಿರಿಯಾಕೆ ಮೊಬೈಲು ನೋಡಿಕೊಂಡು ಹೊತ್ತಾಯಿತೆಂದು ಗಂಟು ಕಟ್ಟತೊಡಗಿದಳು. ಗದಗಿಗೆ ಹೋಗಿ, ಅಲ್ಲಿಂದ ಹುಬ್ಬಳ್ಳಿ ಬಸ್ಸು ಹಿಡಿದರೆ ಕತ್ತಲಾಗುವುದರೊಳಗೆ ಅರ್ಧ ದಾರಿಯಾದರೂ ಆಗುತ್ತಿತ್ತು. ಮುಸುಕಿನ ಬಾವಿ ನೋಡಿದಿರಾ ಎಂದೆ. ಇಲ್ಲವಂತೆ. ಕಾಶಿವಿಶ್ವೇಶ್ವರ? ಅದೂ ಇಲ್ಲ. ಹಿರಿಯಾಕೆ ಸೆರಗು ಕೊಡವಿ ಎದ್ದು, ನಗುತ್ತಲೇ ಕೇಳಿದರು:

"ಅಷ್ಟೆಲ್ಲ ಕೊಟ್ಟಾಕಿ, ಉಳಕೊಳ್ಳಾಕ ಒಂದು ಮನಿ ಕಟ್ಸಿಲ್ಲೇನ್ರೀ ಇಲ್ಲಿ?"

ಉತ್ತರಕ್ಕೆ ಕಾಯದೆ ನಾಲ್ವರೂ ರಸ್ತೆಯ ಕಡೆ ನಡೆದರು.